ಒಂದೇ ಇದ್ದರೆ ಹೆಸರಿಲ್ಲ

ಜೂನ್ ೩, ಸೋಮವಾರ

ಇವತ್ತು ಒಂದು ಸತ್ತ ಬಾತುಕೋಳಿಯಿಂದ ನನ್ನ ಮರ್ಯಾದೆ ಹೋಯಿತು.

ವಸ್ತುಸಂಗ್ರಹಾಲಯದ ಬಾಗಿಲು ತೆರೆದ ಕೂಡಲೇ ಒಬ್ಬ ವಯಸ್ಸಾದ ಹೆಂಗಸು ಬಂದರು. ಮಳೆಯಿಲ್ಲ, ಬಿಸಿಲಿಲ್ಲ, ಆದರೂ ಕೈಯಲ್ಲಿ ಕೊಡೆ. ಪ್ರಾಣಿಗಳ ಹಾಲ್‌ಗೆ ನೇರವಾಗಿ ಹೋಗಿ, ಬಾತುಕೋಳಿಯ ಗಾಜಿನ ಪೆಟ್ಟಿಗೆಗೆ ಕೊಡೆಯ ತುದಿಯಿಂದ ಟಕ್ ಟಕ್ ಎಂದು ಬಡಿದು, "ಈ ಬೋರ್ಡು ಯಾರು ಬರ್ದಿದ್ದು?" ಎಂದರು. ನಾನೇ ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಇಲ್ಲಿನ ಬೋರ್ಡುಗಳನ್ನೆಲ್ಲ ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವವಳು ನಾನು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಹಿಂದಿನ ನಿರ್ದೇಶಕರೆಲ್ಲ ಹೇಳಿದ್ದಾರೆ.

"ಡಕ್ ಅಂತ ಬರ್ದಿದ್ದೀರಲ್ಲ, ತಲೆ ಹಸಿರಾಗಿರೋದು ಕಾಣಲ್ವಾ? ಇದು ಗಂಡು. ಇಂಗ್ಲಿಷಲ್ಲಿ ಡ್ರೇಕ್ ಅನ್ಬೇಕು."

"ಡಕ್ ಅಂದ್ರೆ ಎರಡಕ್ಕೂ ನಡೆಯುತ್ತಮ್ಮ."

"ನಿಮ್ಮನ್ನ ಯಾರಾದ್ರೂ ಸರ್ ಅಂದ್ರೆ ನಡೆಯುತ್ತಾ?"

ನಮ್ಮ ಹೊಸ ನಿರ್ದೇಶಕರು ಅದೇ ಹೊತ್ತಿಗೆ ಬರಬೇಕೆ! ಬಂದು ಒಂದು ತಿಂಗಳೂ ಆಗದ ಮನುಷ್ಯ, ಇನ್ನೂ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ. ಕೊಡೆಯಮ್ಮ ಹೋದ ಮೇಲೆ ಸಿಬ್ಬಂದಿಯನ್ನೆಲ್ಲ, ಅಂದರೆ ನನ್ನನ್ನೂ ಕಾವಲುಗಾರನನ್ನೂ, ಕರೆದು ಆಜ್ಞೆ ಮಾಡಿದರು. ಮುಂದಿನ ತಿಂಗಳು ಸಂಗ್ರಹಾಲಯಕ್ಕೆ ದರ್ಜೆ ಕೊಡುವ ಸಮಿತಿ ಬರುತ್ತದಂತೆ. ಅಷ್ಟರೊಳಗೆ ಪ್ರತಿ ಪ್ರಾಣಿಗೂ ಗಂಡಾದರೆ ಗಂಡಿನ, ಹೆಣ್ಣಾದರೆ ಹೆಣ್ಣಿನ ಇಂಗ್ಲಿಷ್ ಹೆಸರು ಇರಬೇಕಂತೆ. ನಮ್ಮ ಮಾತಿನಲ್ಲಿ ಎಲ್ಲವನ್ನೂ 'ಅದು' ಎಂದು ಬಿಟ್ಟರೆ ಮುಗಿಯಿತು. ಅಷ್ಟು ಸುಖ ಅವರಿಗೆ ಬೇಡವಂತೆ.

ಮನೆಗೆ ಬಂದರೆ ಯಜಮಾನರು ಸೋಫಾದ ಮೇಲೆ. ಬೆಳಿಗ್ಗೆ ಎಲ್ಲಿ ಬಿಟ್ಟು ಹೋಗಿದ್ದೆನೋ ಅಲ್ಲೇ.

ಯಾರಿಗೂ ಹೇಳಲಾರದ್ದನ್ನು ಎಲ್ಲಾದರೂ ಹೇಳಬೇಕು ಎಂದೇ ಈ ಡೈರಿ ಹಿಡಿದದ್ದು. ಸೋಫಾ ಹೊಲಿಯುವ ಅಂಗಡಿ ಇವರದು. ಜನ ಈಗ ರೆಡಿಮೇಡ್ ಕೊಳ್ಳುತ್ತಾರೆ. ಅಂಗಡಿ ಮುಚ್ಚಿತು. ಕೊನೆಯ ಸೋಫಾ ಒಬ್ಬ ದಂತವೈದ್ಯರು ಹೇಳಿ ಮಾಡಿಸಿದ್ದು, ಕಂದು ಬಣ್ಣದ ಅಸಲಿ ಚರ್ಮ, ಅಂಚಿಗೆಲ್ಲ ಹಿತ್ತಾಳೆ ಮೊಳೆ. ಡಾಕ್ಟರರು ತೆಗೆದುಕೊಂಡು ಹೋಗಲೇ ಇಲ್ಲ. ಅದನ್ನು ಮನೆಗೆ ತಂದೆವು. ನಮ್ಮ ಹಾಲ್‌ನಲ್ಲಿ ಅದು ಕೂತ ಮೇಲೆ ನಾವು ಗೋಡೆಗೆ ಬೆನ್ನು ಹಚ್ಚಿ ಏಡಿಗಳ ಹಾಗೆ ಓಡಾಡಬೇಕು. ತಂದ ದಿನ ಇವರು ಅದರ ಮೇಲೆ ಕೂತರು. ಆಮೇಲೆ ಸ್ನಾನಕ್ಕೆ, ಊಟಕ್ಕೆ, ನಿದ್ದೆಗೆ ಏಳುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಮಾತೆಂದರೆ 'ಹೂಂ' ಮತ್ತು 'ಊಹೂಂ'. ಹೊಸ್ತಿಲು ದಾಟಿಲ್ಲ.

ಆಫೀಸಿನಲ್ಲಿ ನಾನು ಹೇಳಿರುವುದೇ ಬೇರೆ. ದೂರದ ಊರಿನಲ್ಲಿ ದೊಡ್ಡ ಹೋಟೆಲಿನ ಸೋಫಾಗಳನ್ನೆಲ್ಲ ಹೊಲಿಯಲು ಹೋಗಿದ್ದಾರೆ ಎಂದು. ಎದುರು ಮನೆಯಾಕೆ ಕೇಳಿದಾಗಲೂ ಅಷ್ಟೇ: "ಕೆಲ್ಸದ ಮೇಲೆ ಹೋಗಿದ್ದಾರೆ, ಬರೋದು ತಡ ಆಗುತ್ತೆ." ಹೇಳುವಾಗ ಎಡಗಿವಿ ಬಿಸಿಯಾಗುತ್ತದೆ. ಅದಕ್ಕೇ ಕಿಟಕಿಯ ಪರದೆ ಸರಿಸುವುದನ್ನೇ ಬಿಟ್ಟಿದ್ದೇನೆ.

ಜೂನ್ ೫, ಬುಧವಾರ

ನಿರ್ದೇಶಕರು ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟರನ್ನು ಕರೆಸಿದ್ದಾರೆ. ಎರಡು ಕೈಯಲ್ಲಿ ಹೊರಬೇಕಾದ ನಿಘಂಟನ್ನು ಹೊಟ್ಟೆಗೆ ಒತ್ತಿಕೊಂಡು ಬಂದರು. ಕಾವಲುಗಾರ ಆಗಲೇ ಅವರಿಗೆ ನಿಘಂಟು ಮೇಷ್ಟ್ರು ಎಂದು ಹೆಸರಿಟ್ಟಾಗಿದೆ.

ನಾವು ನಾಲ್ವರೂ ಹಾಲ್‌ನಲ್ಲಿ ಮೆರವಣಿಗೆ ಹೊರಟೆವು. ಕುರಿಯ ಮುಂದೆ ಮೇಷ್ಟರು ಹೇಳಿದರು: "ಗಂಡಾದ್ರೆ ರ‍್ಯಾಮ್, ಹೆಣ್ಣಾದ್ರೆ ಯೂ, ಗೊತ್ತಿಲ್ದಿದ್ರೆ ಶೀಪ್." ಗೊತ್ತಿಲ್ಲದಿದ್ದರೂ ಒಂದು ಹೆಸರಿದೆ ಎಂದ ಕೂಡಲೇ ನಿರ್ದೇಶಕರಿಗೆ ಎಷ್ಟು ಸಮಾಧಾನವಾಯಿತೆಂದರೆ ಕುರಿಯ ತಲೆ ಸವರಿದರು. ಕುದುರೆಗೂ ಹಾರ್ಸ್ ಎಂದು ಬರೆದು ಪಾರಾದೆವು. ಹೆಬ್ಬಾತಿನ ಹತ್ತಿರ ತಕರಾರು ಶುರುವಾಯಿತು. ಹೆಣ್ಣು ಗೂಸ್, ಗಂಡು ಗ್ಯಾಂಡರ್.

"ಗೂಸ್ ಅಂದ್ರೆ ಸಾಮಾನ್ಯ ಹೆಸ್ರೂ ಹೌದು ಸರ್."

"ಡಕ್ಕೂ ಹಾಗೇ ಇತ್ತಲ್ಲ ಮೇಷ್ಟ್ರೇ. ಆ ಯಮ್ಮ ಉಗಿದು ಹೋಗ್ಲಿಲ್ವಾ?"

ನಾಯಿಯ ಮುಂದೆ ಮೇಷ್ಟರು ಕೆಮ್ಮಿದರು. ಗಂಡು ಡಾಗ್, ಹೆಣ್ಣಿಗೆ ಇರುವ ಮಾತನ್ನು ನನ್ನೆದುರು ಹೇಳಲಾರದೆ ನಿಘಂಟು ತೆರೆದು ಬೆರಳಿಟ್ಟು ತೋರಿಸಿದರು. ನಿರ್ದೇಶಕರು ಓದಿ ಕೆಂಪಾದರು. "ಇದು ಬೈಗುಳ ಅಲ್ವೇನ್ರಿ?" ಎಂದರು. ಸಭ್ಯತೆಯ ದೃಷ್ಟಿಯಿಂದ ನಾಯಿ ಗಂಡು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಮೊಟ್ಟೆ ಇಡುವ ಬಾತು, ಹೆಬ್ಬಾತುಗಳಲ್ಲಿ ಹೆಣ್ಣಿನ ಹೆಸರೇ ಇಡೀ ಜಾತಿಗೆ ಹೆಸರಂತೆ. ಬೇಟೆಯಾಡುವ ಸಿಂಹ, ನರಿ, ನಾಯಿಗಳಲ್ಲಿ ಗಂಡಿನದು. ಯಾರಿಂದ ಮನೆ ನಡೆಯುತ್ತದೋ ಅವರ ಹೆಸರು ಎಲ್ಲರಿಗೂ, ಎಂದು ಮೇಷ್ಟರು ತಾವೇ ಒಂದು ಸಿದ್ಧಾಂತ ಕಟ್ಟಿದರು. ಹಾಗೆ ನೋಡಿದರೆ ಈಗ ನಮ್ಮ ಮನೆಗೆ ನನ್ನ ಹೆಸರೇ ಹೆಸರು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಕಾಣಲಿಲ್ಲ.

ರಾತ್ರಿ ಊಟದಲ್ಲಿ ಇದನ್ನೆಲ್ಲ ಹೇಳಿದೆ. "ಹೂಂ" ಎಂದರು.

ಜೂನ್ ೧೦, ಸೋಮವಾರ

ಹೆಬ್ಬಾತು, ನರಿ, ದನ, ಇವುಗಳ ಲಿಂಗ ನಿರ್ಣಯಕ್ಕೆ ಪಶುವೈದ್ಯರು ಬಂದಿದ್ದರು. ನರಿಯ ಬಾಲ ಎತ್ತಿ ನೋಡಿದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು ನೋಡಿದರು. ಏನೂ ಇಲ್ಲ. ಹಾಳೆಯ ಹಾಗೆ ನುಣುಪು.

ಕಾರಣ ಕಾವಲುಗಾರನಿಗೆ ಗೊತ್ತಿತ್ತು. ಇವುಗಳಿಗೆ ಹುಲ್ಲು ತುಂಬಿ ನಿಲ್ಲಿಸಿದ ಹಳೆಯ ಕೆಲಸಗಾರ ತೀರಿಕೊಂಡು ಬಹಳ ಕಾಲವಾಯಿತು. ಬಲು ಸಂಕೋಚದ ಮನುಷ್ಯ. "ಶಾಲೆ ಮಕ್ಕಳು ಬರ್ತಾರೆ, ಹೆಂಗಸ್ರು ಬರ್ತಾರೆ" ಎಂದು ಇರುವುದನ್ನೆಲ್ಲ ತೆಗೆದು ಚೊಕ್ಕವಾಗಿ ಹೊಲಿದುಬಿಡುತ್ತಿದ್ದನಂತೆ. ಕೊಂಬಿನ ಮೇಲೆ ಮಾತ್ರ ಬಹಳ ಆಸೆ. ಉಳಿದ ಕೊಂಬು ಇದ್ದರೆ ಯಾವುದಕ್ಕೆ ಚೆನ್ನಾಗಿ ಕಾಣುತ್ತದೋ ಅದಕ್ಕೆ ಇಡುವುದು.

"ನಾಡಿ ಇರೋ ಪ್ರಾಣಿ ಇದ್ರೆ ಕರೀರಿ" ಎಂದು ವೈದ್ಯರು ಚೀಲ ಎತ್ತಿಕೊಂಡು ಹೋದರು.

ಹೆಬ್ಬಾತಿನ ವಿಷಯ ಕೈ ಎತ್ತಿ ಮತ ಹಾಕಿದೆವು. ಎರಡು ಎರಡು ಬಂತು. ನಿರ್ದೇಶಕರು ಇನ್ನೊಂದು ಕೈಯನ್ನೂ ಎತ್ತಿದರು. ಗ್ಯಾಂಡರ್ ಗೆದ್ದಿತು. ನರಿಗೂ ಅದೇ ಮತ, ಫಾಕ್ಸ್.

ಜೂನ್ ೧೩, ಗುರುವಾರ

ಸಿಂಹದ ದೂಳು ಒರೆಸುವಾಗ ಕೇಸರ ಪೂರ್ತಿ ಕಾವಲುಗಾರನ ಕೈಗೆ ಬಂತು. ಯಾವುದೋ ಕುದುರೆಯ ಬಾಲ, ಅಂಟು ಹಾಕಿ ಕೂರಿಸಿದ್ದು. ಬೆಳಿಗ್ಗೆ ಬೋರ್ಡು ಅಳಿಸಿ ಲಯನೆಸ್ ಎಂದು ಬರೆದೆ. ಮಧ್ಯಾಹ್ನ ನಿರ್ದೇಶಕರು, ಸಿಂಹವಿಲ್ಲದ ಸಂಗ್ರಹಾಲಯಕ್ಕೆ ಯಾವ ದರ್ಜೆ ಕೊಡುತ್ತಾರೆ ಎಂದು ಯೋಚಿಸಿ ಕೇಸರ ಮತ್ತೆ ಅಂಟಿಸಿದರು. ಸಂಜೆ ಲಯನ್ ಎಂದು ಬರೆದೆ. ಒಂದೇ ದಿನದಲ್ಲಿ ಗಂಡಾಗಿ ಹೆಣ್ಣಾಗಿ ಗಂಡಾಗಿ, ಸಿಂಹದ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅಷ್ಟು ಸಮಾಧಾನ ನನಗಿದ್ದರೆ!

ಮನೆಯಲ್ಲಿ ಸಿಡುಕಿದೆ. "ಹಾಗೆ ಕೂತ್ಕೊಂಡೇ ಇರಿ, ನಿಮಗೂ ಒಂದು ಬೋರ್ಡು ಬರ್ದು ನೇತಾಕ್ತೀನಿ" ಎಂದೆ. ಅವರು ನನ್ನನ್ನು ನೋಡಿದರು, ಮತ್ತೆ ಗೋಡೆಯನ್ನು ನೋಡಿದರು. ಹೇಳಬಾರದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈ ಮನುಷ್ಯ ಹೀಗೇ ಕೂತು ಕೂತು ಒಂದು ದಿನ ಸೋಫಾದ ಒಳಗೇ ಹೋಗಿಬಿಡುತ್ತಾರೋ ಎಂದು ಭಯವಾಗುತ್ತದೆ. ನಿಜವಾಗಿ ಭಯವಾಗುತ್ತದೆ.

ಜೂನ್ ೧೮, ಮಂಗಳವಾರ

ಇವತ್ತು ನಡೆದದ್ದನ್ನು ಎರಡು ಸಲ ಬರೆದರೂ ನಂಬಿಕೆ ಬರುವುದಿಲ್ಲ.

ಕೊನೆಗೆ ಉಳಿದದ್ದು ದನ. ಹಾಲ್‌ನ ನಡುವೆ ಒಂಟಿಯಾಗಿ ನಿಂತಿದೆ. ಮೈಯ ಕೂದಲು ಉದುರಿ, ಅಲ್ಲಲ್ಲಿ ತೇಪೆ ಹಾಕಿಸಿಕೊಂಡು, ಯಾರದೋ ಕೊಂಬು ಹೊತ್ತು. ಮತ ಹಾಕೋಣ ಎಂದು ನಿರ್ದೇಶಕರು ಕೈ ಎತ್ತುತ್ತಿದ್ದಾಗ ಫೋನ್ ಬಂತು. ಬರುವ ಸಮಿತಿಯ ಅಧ್ಯಕ್ಷೆ ಯಾರು ಗೊತ್ತೇ? ಕೊಡೆಯಮ್ಮ! ನಿರ್ದೇಶಕರ ಎತ್ತಿದ ಕೈ ಹಾಗೇ ಇಳಿಯಿತು. ಇನ್ನು ಮೇಲೆ ಊಹೆ ಬೇಡ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲದ ಹೆಸರೇ ಬೇಕು ಎಂದರು.

"ದನ ಅಂತ ಬರೀರಿ, ಮುಗೀತು" ಎಂದ ಕಾವಲುಗಾರ.

"ಇಂಗ್ಲಿಷಲ್ಲಿ ಹೇಳಯ್ಯ."

ಮೇಷ್ಟರು ನಿಘಂಟನ್ನು ಮುಂದೆ ತಿರುವಿದರು, ಹಿಂದೆ ತಿರುವಿದರು. ಬೆವರು ಒರೆಸಿಕೊಂಡರು. ಹೆಣ್ಣಾದರೆ ಕೌ. ಗಂಡಾದರೆ ಬುಲ್. ಬೀಜ ಒಡೆದಿದ್ದರೆ ಆಕ್ಸ್. ಗಂಡೋ ಹೆಣ್ಣೋ ಗೊತ್ತಿಲ್ಲದ ಒಂದೇ ಒಂದು ದನಕ್ಕೆ ದಿನಬಳಕೆಯ ಹೆಸರೇ ಇಲ್ಲ! ಸಮುದ್ರ ದಾಟಿ ಲೋಕವನ್ನೆಲ್ಲ ಆಳಿದ ಭಾಷೆಗೆ ಕೊಟ್ಟಿಗೆಯಲ್ಲಿ ಒಂದು ಮಾತು ಕಡಿಮೆ ಬಿದ್ದಿದೆ. "ಕ್ಯಾಟಲ್ ಅಂತಿದೆ ಸರ್. ಆದ್ರೆ ಅದು ಒಂದಕ್ಕೆ ಹೇಳೋ ಹಾಗಿಲ್ಲ. ಕನಿಷ್ಠ ಎರಡಾದ್ರೂ ಬೇಕು."

ನಿರ್ದೇಶಕರು ಬಹಳ ಹೊತ್ತು ದನವನ್ನೇ ನೋಡಿದರು. ಆಮೇಲೆ, "ಹಾಗಾದ್ರೆ ಇನ್ನೊಂದು ತರ್ಸಿ" ಎಂದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಬೋರ್ಡಿಗೆ ಪ್ರಾಣಿ ಹೊಂದದಿದ್ದರೆ ಪ್ರಾಣಿಯನ್ನೇ ಹೆಚ್ಚಿಸುವುದು! ಓದದಿದ್ದರೆ ದನ ಕಾಯುತ್ತೀಯ ಎಂದು ನಮ್ಮಪ್ಪ ಬೈಯುತ್ತಿದ್ದರು. ಓದಿದೆ, ಕೆಲಸ ಹಿಡಿದೆ, ಈಗ ಕಾಯುತ್ತಿರುವುದು ದನವನ್ನೇ.

ಹುಲ್ಲು ತುಂಬಿದ ದನ ಪೇಟೆಯಲ್ಲಿ ಸಿಗುತ್ತದೆಯೇ? ಮಾಡಿಸಬೇಕು ಎಂದಾಯಿತು. ಕಾವಲುಗಾರನ ಬಾಯಿ ಸುಮ್ಮನಿರಬೇಕಲ್ಲ. "ಮೇಡಮ್ಮೋರ ಯಜಮಾನ್ರು ಚರ್ಮದ ಕೆಲ್ಸ ಮಾಡ್ತಾರಲ್ಲ ಸರ್!" ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಿವಿ ಕೆಂಡವಾಯಿತು. "ಅವ್ರು ಊರಲ್ಲಿಲ್ಲ ಸರ್. ಹೋಟೆಲ್ ಕೆಲ್ಸ ಮುಗಿದಿಲ್ಲ" ಎಂದೆ. "ಫೋನ್ ಮಾಡಿ ಕೇಳಿ" ಎಂದರು ನಿರ್ದೇಶಕರು.

ಮನೆಗೆ ಬಂದು ಊಟಕ್ಕೆ ಬಡಿಸುತ್ತಾ, ನಗೆಪಾಟಲಿನ ಸುದ್ದಿ ಎಂದೇ ಹೇಳಿದೆ. ಹೆಸರಿಗೋಸ್ಕರ ಇನ್ನೊಂದು ದನ ಬೇಕಂತೆ, ನೋಡಿ ಇವರ ತಲೆ! ಎಂದೆ. ಹೂಂ ಬರಲಿಲ್ಲ. ಊಹೂಂ ಕೂಡ ಬರಲಿಲ್ಲ. ತುತ್ತು ಕೈಯಲ್ಲೇ ಇತ್ತು.

"ಎಷ್ಟೆತ್ತರ?" ಎಂದರು.

ನಾನು ಲೋಟ ಕೆಳಗಿಟ್ಟೆ. ಅಂಗಡಿ ಮುಚ್ಚಿದ ಮೇಲೆ ಈ ಮನುಷ್ಯ ಕೇಳಿದ ಮೊದಲ ಪ್ರಶ್ನೆ ಇದು.

ಜೂನ್ ೧೯, ಬುಧವಾರ

ಅಳತೆ ಟೇಪು ಹಿಡಿದು ದನದ ಸುತ್ತ ತಿರುಗಿದೆ. ಎತ್ತರ, ಉದ್ದ, ಎದೆಯ ಸುತ್ತಳತೆ. ನಿರ್ದೇಶಕರಿಗೆ, ಫೋನಿನಲ್ಲಿ ಒಪ್ಪಿದ್ದಾರೆ ಎಂದೆ. ಇದೊಂದು ಅರ್ಧ ಸುಳ್ಳು.

ಮನೆಗೆ ಬಂದು ಹೇಳಿದರೆ ಇವರಿಗೆ ಅಷ್ಟು ಸಾಲದಂತೆ. "ಕುತ್ತಿಗೆ ಹತ್ರ ಚರ್ಮ ಎಷ್ಟು ಮಡಿಕೆ ಬಿದ್ದಿದೆ?" ನೋಡಲಿಲ್ಲ ಎಂದೆ. "ಇಷ್ಟು ವರ್ಷದಿಂದ ಅದ್ರ ಮುಂದೇನೇ ಓಡಾಡ್ತೀಯ, ನೋಡ್ಲಿಲ್ವಾ?" ಎಂದರು. ಮಾತು ಶುರು ಮಾಡಿದ್ದೇ ತಡ, ಆಕ್ಷೇಪಣೆಯೂ ಶುರು. ಬಂದು ನೋಡಿ ಎಂದರೆ ಮಾತ್ರ ಊಹೂಂ.

ಜೂನ್ ೨೧, ಶುಕ್ರವಾರ

ಇವತ್ತು ಮೊಣಕಾಲು, ಬಾಲದ ಬುಡ, ಕಿವಿಯ ಒಳಗು. ಕಣ್ಣು ಮುಚ್ಚಿ ಕೈಯಾಡಿಸಿ ನೋಡಿಕೊಂಡು ಬಾ ಎಂದಿದ್ದರು. ಹಾಗೆ ಮಾಡುತ್ತಿದ್ದಾಗ ಕಾವಲುಗಾರ, "ಮೇಡಂ, ಮನೇಲೆಲ್ಲಾ ಸೌಖ್ಯನಾ?" ಎಂದ. ಹೌದು ಎಂದೆ. ದನದ ಕತ್ತಿನ ಮಡಿಕೆ ಅಮ್ಮನ ತೋಳಿನ ಹಾಗಿದೆ.

ಜೂನ್ ೨೪, ಸೋಮವಾರ

ಬಾಗಿಲು ತೆಗೆದರೆ ಸೋಫಾ ಇಲ್ಲ.

ಇದೆ, ಆದರೆ ಇಲ್ಲ. ಚರ್ಮವೆಲ್ಲ ಬಿಚ್ಚಿ ನೆಲದ ಮೇಲೆ ಹಾಸಿದೆ. ಹತ್ತಿ ಒಂದು ಗುಡ್ಡೆ, ಸ್ಪ್ರಿಂಗು ಒಂದು ಗುಡ್ಡೆ, ಹಿತ್ತಾಳೆ ಮೊಳೆಗಳು ನನ್ನ ಒಳ್ಳೆಯ ಬಟ್ಟಲಿನಲ್ಲಿ. ನಡುವೆ ಇವರು, ಬಾಯಲ್ಲಿ ಸೂಜಿ ಕಚ್ಚಿಕೊಂಡು ಮೊಣಕಾಲೂರಿ.

"ಅಯ್ಯೋ! ಇಷ್ಟು ಒಳ್ಳೇ ಸೋಫಾ! ಯಾರಾದ್ರೂ ಬಂದ್ರೆ ಎಲ್ಲಿ ಕೂರಿಸೋದು?"

ಸೂಜಿ ತೆಗೆದು, "ಯಾರು ಬರ್ತಾರೆ?" ಎಂದರು.

ಅದೂ ನಿಜ. ಪರದೆ ಎಳೆದ ಮನೆಗೆ ಯಾರು ಬರುತ್ತಾರೆ. ಚರ್ಮದ ಒಂದು ತುದಿ ಹಿಡಿದುಕೋ ಎಂದರು. ಹಿಡಿದುಕೊಂಡೆ. ಬೆಳಕು ಸಾಲದು ಎಂದರು. ನಾನು ಕೈ ಬಿಡುವ ಹಾಗಿರಲಿಲ್ಲ, ಅವರೇ ಎದ್ದು ಹೋಗಿ ಪರದೆ ಸರಿಸಿದರು.

ಜೂನ್ ೨೮, ಶುಕ್ರವಾರ

ಬೆನ್ನು ನೋವು. ದನದ ಹೊಟ್ಟೆಗೆ ಹತ್ತಿ ತುಂಬುವುದು ಸುಲಭದ ಕೆಲಸವಲ್ಲ. ಅಡುಗೆ ಅವರೇ ಮಾಡಿದರು. ಉಪ್ಪು ಜಾಸ್ತಿ. ಹೇಳಿದೆ, ಜಗಳವಾಡಿದರು. ಚೆನ್ನಾಗಿ ಜಗಳವಾಡಿದರು.

ಜುಲೈ ೨, ಮಂಗಳವಾರ

ಮುಂಡ ಮುಗಿದಿದೆ, ಮುಖ ಬರುತ್ತಿಲ್ಲ. ನಾಲ್ಕು ಸಲ ಬಿಚ್ಚಿ ಹೊಲಿದರು. ನಾನು ಮುಖದ ಭಾವ ಹೇಳಿ ಹೇಳಿ ಸೋತೆ. "ದನದ ಮುಖ ದನದ ಮುಖದ ಹಾಗಿದೆ, ಇನ್ನೇನು ಹೇಳ್ಲಿ!" ಎಂದು ಬೆಳಿಗ್ಗೆ ಕೂಗಾಡಿ ಆಫೀಸಿಗೆ ಹೋದೆ.

ಮಧ್ಯಾಹ್ನ ತಲೆಯೆತ್ತಿ ನೋಡಿದರೆ ಹಾಲ್‌ನಲ್ಲಿ ಇವರು! ಇಸ್ತ್ರಿ ಮಾಡಿದ ಅಂಗಿ. ದನದ ಎದುರು ನಿಂತು, ಅದರ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಾರೆ. ಸಂತೋಷಪಡುವ ಮೊದಲೇ ನನ್ನ ಜೀವ ಬಾಯಿಗೆ ಬಂತು, ಏಕೆಂದರೆ ಪಕ್ಕದಲ್ಲಿ ಕಾವಲುಗಾರ ನಿಂತಿದ್ದ.

"ಊರಿಂದ ಯಾವಾಗ ಬಂದ್ರಿ ಸರ್? ಆ ದೊಡ್ಡ ಹೋಟೆಲ್ ಕೆಲ್ಸ ಮುಗೀತಾ?"

ಇವರು ಅವನನ್ನು ನೋಡಿದರು. ನನ್ನನ್ನು ನೋಡಿದರು. ನಾನು ಬಣ್ಣದ ಡಬ್ಬಿಯನ್ನೇ ಕಲಕುತ್ತಾ ನಿಂತೆ. "ಹೂಂ" ಎಂದರು. ಆ ಒಂದು ಹೂಂಗೆ ನಾನು ಏನು ಕೊಟ್ಟರೂ ಕಡಿಮೆಯೇ.

ಸಂಜೆ ಇಬ್ಬರೂ ಜೊತೆಗೇ ಮನೆಗೆ ಹೊರಟೆವು. ಇನ್ನು ಈ ಮನುಷ್ಯನಿಗೆ ಮುಖ ಹೇಗೆ ತೋರಿಸಲಿ, ಗಂಡನಿಗೆ ಕೆಲಸವಿಲ್ಲ ಎಂದು ಹೇಳಲು ನಾಚಿ ಊರಿಂದಲೇ ಓಡಿಸಿದವಳು ನಾನು, ಎಂದೆಲ್ಲ ಅಂದುಕೊಳ್ಳುತ್ತಾ ನಡೆದೆ. ಮನೆಗೆ ಬಂದು ಕೈಕಾಲು ತೊಳೆದು, ದನದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರ ಪೋಣಿಸುತ್ತಾ ಹೇಳಿದರು:

"ಹೋಟ್ಲು ಚೆನ್ನಾಗಿತ್ತು."

ನಾನು ಅಲ್ಲೇ ನೆಲದ ಮೇಲೆ ಕೂತೆ.

"ನೂರು ರೂಮು. ಎಲ್ಲಾ ರೂಮಿಗೂ ಒಂದೊಂದು ಸೋಫಾ. ಕೆಲ್ಸ ಮುಗಿಸೋಕೆ ಸಾಕುಬೇಕಾಯ್ತು. ಊಟ ಮಾತ್ರ ಮನೇ ಥರ ಇರ್ಲಿಲ್ಲ."

ನನಗೆ ಅಳು ಬಂತೋ ನಗು ಬಂತೋ ಗೊತ್ತಿಲ್ಲ, ಎರಡೂ ಒಂದೇ ಬಾಗಿಲಲ್ಲಿ ನುಗ್ಗಿದವು. "ಬಣ್ಣ ಯಾವ್ದು ಹಾಕಿದ್ರಿ?" ಎಂದೆ. "ನೀನೇ ಆರ್ಸಿ ಕಳ್ಸಿದ್ಯಲ್ಲ" ಎಂದರು. ರಾತ್ರಿ ಮಲಗುವವರೆಗೂ ಆ ಹೋಟೆಲಿನ ಒಂದೊಂದೇ ಕೋಣೆಯನ್ನು ಇಬ್ಬರೂ ಸೇರಿ ಸಜ್ಜುಗೊಳಿಸಿದೆವು. ದನದ ಮುಖವೂ ಸರಿಯಾಯಿತು.

ಜುಲೈ ೮, ಸೋಮವಾರ

ಸಮಿತಿ ಬಂತು. ಹೋಗಿಯೂ ಆಯಿತು.

ಎರಡು ದನಗಳು ಅಕ್ಕಪಕ್ಕ. ಮುಂದೆ ನನ್ನ ಬೋರ್ಡು, ಕ್ಯಾಟಲ್, ಅಕ್ಷರ ಒಂದೊಂದೂ ಗೇಣಗಲ. ಇವರು ಬಾಲದ ಕುಚ್ಚು ಬಾಚಲು ಬೆಳಿಗ್ಗೆಯೇ ಬಂದಿದ್ದರು. ಸಮಿತಿ ಒಳಗೆ ಬಂದಾಗ ಹೊರಗೆ ಹೋಗಲಾಗದೆ ಸಿಂಹದ ಹಿಂದೆ ನಿಂತರು.

ಕೊಡೆಯಮ್ಮ ಬಾತುಕೋಳಿಯ ಮುಂದೆ ನಿಂತು ಡ್ರೇಕ್ ಎಂಬುದನ್ನು ಓದಿ ತಲೆದೂಗಿದರು. ಗ್ಯಾಂಡರ್, ಸರಿ. ಶೀಪ್, ಸರಿ. ನಾಯಿಯ ಮುಂದೆ ಮೇಷ್ಟರು ಸುಮ್ಮಸುಮ್ಮನೆ ಕೆಮ್ಮಿದರು. ದನಗಳ ಮುಂದೆ ಅವರ ಕೊಡೆ ನಿಂತಿತು.

"ಕ್ಯಾಟಲ್. ಜಾಣತನ ಮಾಡಿದ್ದೀರಿ. ಇದ್ರಲ್ಲಿ ಗಂಡು ಯಾವ್ದು, ಹೆಣ್ಣು ಯಾವ್ದು?"

ನಿರ್ದೇಶಕರು ಮೇಷ್ಟರನ್ನು ನೋಡಿದರು. ಮೇಷ್ಟರು ನಿಘಂಟನ್ನು ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಆಗ ಸಿಂಹದ ಹಿಂದಿನಿಂದ ದನಿ ಬಂತು. ಸಮಿತಿಯ ಒಬ್ಬ ಸದಸ್ಯರು ಹಾರಿ ಬಿದ್ದರು.

"ಗಂಡು ಹೆಣ್ಣು ನೋಡ್ಲಿಲ್ಲಮ್ಮ. ಒಂದು ಒಂಟಿಯಾಗಿ ನಿಂತಿತ್ತು. ಜೊತೆಗಿರ್ಲಿ ಅಂತ ಇನ್ನೊಂದು ಬಂತು, ಅಷ್ಟೇ."

"ನೀವ್ಯಾರು?"

ಅವರು ಬಾಯಿ ತೆರೆಯುವ ಮೊದಲೇ ನಾನು, "ನಮ್ಮ ಮನೆಯವ್ರು. ಸೋಫಾ ಮಾಡ್ತಾರೆ. ಅಂಗಡಿ ಮುಚ್ಚಿ ಮನೇಲಿದ್ರು, ಅಲ್ಲೇ ಮಾಡಿದ್ದು" ಎಂದೆ. ಯಾಕೆ ಅಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ, ಹಾಲ್ ಪೂರ್ತಿ ಮೊಳಗಿತು. ಹೋಟೆಲಿನ ವಿಷಯ ಕಾವಲುಗಾರ ಕೇಳಬಹುದು ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು. ಕೇಳಿದರೆ ಕೇಳಲಿ.

"ಓಹೋ. ಅಂದ್ರೆ ಇದ್ರಲ್ಲೊಂದು ನಕಲಿ" ಎಂದರು ಕೊಡೆಯಮ್ಮ. ನಿರ್ದೇಶಕರ ಮುಖ ಸುಣ್ಣವಾಯಿತು. ಆಕೆ ಎರಡೂ ದನಗಳ ಹೊಟ್ಟೆ ಒತ್ತಿ ನೋಡಿದರು. ಹಳೆಯದು ಒಣಹುಲ್ಲಿನ ಸದ್ದು ಮಾಡಿತು. ನಮ್ಮದು ಮೆತ್ತಗೆ ತಗ್ಗಿ, ಮತ್ತೆ ಉಬ್ಬಿತು. ಆಕೆಗೂ ವಯಸ್ಸಾಗಿದೆ, ಬಹಳ ಹೊತ್ತಿನಿಂದ ನಿಂತಿದ್ದಾರೆ. ನಮ್ಮ ದನಕ್ಕೆ ಬೆನ್ನು ಆನಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ಆಮೇಲೆ ಕೊಡೆ ಊರಿಕೊಂಡು ಹೊರಟರು.

ಜುಲೈ ೧೫, ಸೋಮವಾರ

ವರದಿ ಬಂತು. ಮೊದಲ ದರ್ಜೆಯಂತೆ! ಒಂದು ಷರತ್ತು: 'ದನಗಳಲ್ಲಿ ಎಡಗಡೆಯದು ನಕಲಿ ಎಂಬುದು ಮೇಲ್ನೋಟಕ್ಕೇ ತಿಳಿಯುವುದರಿಂದ ಅದನ್ನು ಕೂಡಲೇ ತೆಗೆಯತಕ್ಕದ್ದು. ಬಲಗಡೆಯದು ಅತ್ಯುತ್ತಮ.'

ಎಡಗಡೆಯದು ಅಸಲಿ. ಬಲಗಡೆಯದು ನಮ್ಮ ಸೋಫಾ.

ನಿರ್ದೇಶಕರು ವರದಿಯನ್ನು ಮೂರು ಸಲ ಓದಿ, ತಿದ್ದಲು ಹೋದರೆ ದರ್ಜೆ ಹೋದೀತು ಎಂದು ಹೆದರಿ, ಅಸಲಿಯನ್ನೇ ತೆಗೆಯಿರಿ ಎಂದರು. ಕಸದ ಗಾಡಿಯವನು ಬಂದ. ಸುತ್ತ ತಿರುಗಿ ನೋಡಿ, "ಇದು ಹಸಿ ಕಸನಾ ಒಣ ಕಸನಾ?" ಎಂದ. ಯಾರಿಗೂ ಗೊತ್ತಿರಲಿಲ್ಲ. ಹೊರಟು ಹೋದ.

ಮೇಷ್ಟರು ಹಾಲ್‌ನ ನಡುವೆ ನಿಂತು ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡರು. "ಸರ್, ಇದನ್ನ ತೆಗೆದ್ರೆ ಮತ್ತೆ ಒಂದೇ ಉಳಿಯುತ್ತಲ್ಲ. ಬೋರ್ಡಿಗೆ ಏನು ಮಾಡೋದು?"

ಹೋದೆಯಾ ಪಿಶಾಚಿ ಎಂದರೆ ಬಂದೆಯಾ ಗವಾಕ್ಷಿಯಲ್ಲಿ. ನಿರ್ದೇಶಕರು ನನ್ನ ಕಡೆ ತಿರುಗಿ, "ನಿಮ್ಮ ಯಜಮಾನ್ರಿಗೆ ಇನ್ನೊಂದು ಮಾಡೋಕೆ ಹೇಳಿ. ಇಲ್ಲೇ ಹಿಂದುಗಡೆ ಕೋಣೆ ಕೊಡ್ತೀನಿ. ಸಿಂಹಕ್ಕೂ ಒಂದು ಗಟ್ಟಿ ಕೇಸರ ಬೇಕು. ಆಮೇಲೆ ನರಿ ಬಾಲ ನೋಡ್ಬೇಕು" ಎಂದರು.

ಮನೆಗೆ ಬಂದು ವರದಿಯ ಮಾತು ಹೇಳಿದೆ. "ನಂದೇ ಅಸಲಿ ಅಂದ್ರಾ?" ಎಂದು ಕೇಳಿದರು. ಮತ್ತೆ ಹೇಳಿಸಿದರು. ಆಮೇಲೆ, "ಹಾಗಾದ್ರೆ ಪಾಪ, ಆ ಹಳೇದು ಎಲ್ಲಿಗೆ ಹೋಗುತ್ತೆ?" ಎಂದರು.

ಜುಲೈ ೨೦, ಶನಿವಾರ

ನಮ್ಮ ಬುದ್ಧಿಗೆ ಏನು ಹೇಳುವುದು. ಬೇಲಿ ಮೇಲಿನ ಓತಿಕ್ಯಾತವನ್ನು ಹೆಗಲ ಮೇಲೆ ಬಿಟ್ಟುಕೊಂಡ ಹಾಗೆ, ದನವನ್ನು ಕೈಗಾಡಿಯಲ್ಲಿ ಹೇರಿಕೊಂಡು ಮನೆಗೇ ತಂದೆವು. ಇವರು ಮುಂದೆ ಎಳೆದರು, ನಾನು ಹಿಂದಿನಿಂದ ತಳ್ಳಿದೆ. ಹಾಡುಹಗಲು, ನಡುಬೀದಿ, ಊರೆಲ್ಲ ನೋಡಿತು. ಬಾಗಿಲಲ್ಲಿ ಕೊಂಬು ಸಿಕ್ಕಿಕೊಂಡಿತು. ಅದು ಹೇಗೂ ಅದರದ್ದಲ್ಲ ಎಂದು ಇವರು ಬಿಚ್ಚಿ ಅಟ್ಟದ ಮೇಲೆ ಹಾಕಿದರು. ಸೋಫಾ ಇದ್ದ ಜಾಗಕ್ಕೆ ಅಳತೆ ತೆಗೆದ ಹಾಗೆ ಕೂತಿತು. ಮತ್ತೆ ಏಡಿ ನಡಿಗೆ ಶುರು.

ಮಧ್ಯಾಹ್ನ ಇವರು ಸಂಗ್ರಹಾಲಯಕ್ಕೆ ಹೋದರು. ರಜಾ ದಿನ, ಸೋಮವಾರ ಹೋದರಾಯಿತು ಎಂದರೆ ಕೇಳಬೇಕಲ್ಲ. ಬುತ್ತಿಯನ್ನೂ ಮರೆತು ಹೋಗಿದ್ದಾರೆ. ಸಂಜೆಯಾಯಿತು, ಪತ್ತೆಯಿಲ್ಲ. ಒಂದು ಕಾಲದಲ್ಲಿ ಎಷ್ಟು ಚೆನ್ನಾಗಿ ಮನೆಯಲ್ಲೇ ಇರುತ್ತಿದ್ದರು.

ದೀಪ ಹಾಕುವ ಹೊತ್ತಿಗೆ ಎದುರು ಮನೆಯಾಕೆ ಕಿಟಕಿಯಲ್ಲಿ ಇಣುಕಿದರು. "ಯಜಮಾನ್ರು ಇಲ್ವಾ?"

"ಕೆಲ್ಸದ ಮೇಲೆ ಹೋಗಿದ್ದಾರೆ, ಬರೋದು ತಡ ಆಗುತ್ತೆ" ಎಂದೆ.

ಆಕೆಯ ಕಣ್ಣು ಒಳಗೆ ದನದ ಮೇಲೆ ಬಿತ್ತು. ಬಹಳ ಹೊತ್ತು ನೋಡಿ, "ಇದು ಗಂಡೋ ಹೆಣ್ಣೋ?" ಎಂದು ಕೇಳಿದರು.

"ನಮ್ಮನೇದು" ಎಂದೆ.

ನೆಲದ ಮೇಲೆ ಕೂತು, ಅದರ ಕಾಲಿಗೆ ಒರಗಿ ಇದನ್ನು ಬರೆಯುತ್ತಿದ್ದೇನೆ. ಒಣಹುಲ್ಲಿನ ವಾಸನೆ ಬರುತ್ತಿದೆ. ಊಟ ಆರುತ್ತಿದೆ, ಇವರು ಇನ್ನೂ ಬಂದಿಲ್ಲ.